ಸುಪ್ರೀಂ ಕೋರ್ಟ್ ಪಾಠಕ್ಕೆ ಕಾನೂನು ಕಾಲೇಜಿನ ನೆರವು ಪಡೆದವರಿದ್ದೀರಾ?

ಪದವಿಪೂರ್ವ ತರಗತಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ನನ್ನ ಮಕ್ಕಳಿಗೆ ಸುಪ್ರೀಂ ಕೋರ್ಟ್ ಎಂದರೆ ಟಿವಿಯ ಕೆಳಗೆ ಓಡುವ ಕೆಂಪು ಪಟ್ಟಿ, ಅಷ್ಟೇ. ಕಾನೂನು ಕಾಲೇಜಿನವರನ್ನು ಕರೆಸಿದವರಿದ್ದರೆ ಅನುಭವ ತಿಳಿಸಿ.

*

ಮೇಡಂ, ನಾನು ಎರಡು ಸಲ ಕರೆಸಿದ್ದೇನೆ. ಮೊದಲ ಸಲ ಉಪನ್ಯಾಸ ಇಟ್ಟು ಕೆಟ್ಟೆ. ಒಂದು ಗಂಟೆ ಬರೀ ವಿಧಿಗಳ ಸಂಖ್ಯೆ. ಹಿಂದಿನ ಬೆಂಚುಗಳು ನಿದ್ದೆಗೆ ಜಾರಿದವು. ಮರುವರ್ಷ ಅಧ್ಯಾಪಕರ ಬದಲು ಕೊನೆಯ ವರ್ಷದ ಮೂವರು ವಿದ್ಯಾರ್ಥಿಗಳನ್ನು ಕಳಿಸಿ ಎಂದು ಕೇಳಿದೆ. ಅವರು ಆರಿಸಿಕೊಂಡದ್ದು ಎಸ್.ಆರ್. ಬೊಮ್ಮಾಯಿ ಪ್ರಕರಣ, ಅಂದರೆ 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಅವರ ಸರ್ಕಾರಕ್ಕೆ ಬಹುಮತವಿಲ್ಲವೆಂದು ವಜಾ ಮಾಡಿದ್ದರ ವಿರುದ್ಧದ ಮೊಕದ್ದಮೆ. 19 ಮಕ್ಕಳ ಕೈಗೆ ಚೀಟಿ ಕೊಟ್ಟು ‘ಬೆಂಬಲ ವಾಪಸ್’ ಎಂದು ಬರೆಸಿದರು. ಸ್ವಲ್ಪ ಹೊತ್ತಿಗೆ ಅವರಲ್ಲಿ 7 ಮಂದಿಯಿಂದ ‘ನಮ್ಮನ್ನು ತಪ್ಪುದಾರಿಗೆಳೆದು ಸಹಿ ಪಡೆದರು’ ಎಂಬ ಇನ್ನೊಂದು ಚೀಟಿ. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲರ ಮುಂದೆ ಇದ್ದದ್ದೂ ಇಂಥದೇ ಪತ್ರಗಳು. ‘ಈಗ ಬಹುಮತ ಯಾರಿಗೆ?’ ಎಂದು ಕೇಳಿದ್ದೇ ತಡ, ತರಗತಿ ಎರಡು ಪಾಲಾಯಿತು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು, ‘ಚೀಟಿ ಯಾಕೆ ಸರ್, ಎಲ್ಲರೂ ಇಲ್ಲೇ ಇದ್ದೇವಲ್ಲ, ಕೈ ಎತ್ತಿಸಿ’ ಎಂದಳು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು 1994ರ ತೀರ್ಪು ಹೇಳಿದ್ದು ಅದನ್ನೇ! ನನಗೆ ಮೈ ಜುಮ್ಮೆಂದಿತು. 9 ನ್ಯಾಯಮೂರ್ತಿಗಳು 6 ಪ್ರತ್ಯೇಕ ತೀರ್ಪು ಬರೆದಿದ್ದರು. ಯಾರು ಯಾರೊಡನೆ ಒಪ್ಪಿದರು, ಎಲ್ಲಿ ಬೇರೆಯಾದರು ಎಂದು ಆ ವಿದ್ಯಾರ್ಥಿಗಳು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ‘ಸುಪ್ರೀಂ ಕೋರ್ಟ್ ಹೇಳಿತು’ ಎಂಬ ಒಂದೇ ಸಾಲಿನ ಒಳಗೆ ಅಷ್ಟು ಜಗಳವಿದೆ ಎಂದು ಮಕ್ಕಳಿಗೆ ಗೊತ್ತಾದದ್ದು ಆಗಲೇ.

*

ಕಾನೂನು ಓದಿದವಳಾಗಿ ಒಂದು ಮಾತು. ಸಂವಿಧಾನ ಪೀಠದ (ಸಂವಿಧಾನದ ಮುಖ್ಯ ಪ್ರಶ್ನೆಗಳನ್ನು ಕೇಳುವ, ಕನಿಷ್ಠ ಐವರು ನ್ಯಾಯಮೂರ್ತಿಗಳ ಪೀಠ) ವಿಚಾರಣೆಯ ನೇರಪ್ರಸಾರ 2022ರ ಸೆಪ್ಟೆಂಬರ್‌ನಿಂದ ಇದೆ. ಅದಕ್ಕಾಗಿ ಕೋರ್ಟಿನ ಕದ ತಟ್ಟಿದವರಲ್ಲಿ ಜೋಧಪುರದ ಕಾನೂನು ವಿದ್ಯಾರ್ಥಿ ಸ್ವಪ್ನಿಲ್ ತ್ರಿಪಾಠಿ ಒಬ್ಬರು; 2018ರ ತೀರ್ಪು ಅವರ ಹೆಸರಿನಲ್ಲೇ ಇದೆ. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ. ಅರ್ಧ ಗಂಟೆಯ ವಿಡಿಯೊ ಸಾಕು, ಆದರೆ ಪಕ್ಕದಲ್ಲಿ ಕಾನೂನು ವಿದ್ಯಾರ್ಥಿ ಇರಲಿ. ನ್ಯಾಯಮೂರ್ತಿಗಳು ವಕೀಲರಿಗೆ ಹಾಕುವ ಖಾರವಾದ ಪ್ರಶ್ನೆಯನ್ನೇ ತೀರ್ಪು ಎಂದುಕೊಳ್ಳುವವರು ಬಹಳ. ನಡುವೆ ನಿಲ್ಲಿಸಿ, ‘ಇದು ವಾದವನ್ನು ಒರೆಗೆ ಹಚ್ಚುವ ಪ್ರಶ್ನೆ, ಆದೇಶವಲ್ಲ’ ಎನ್ನುವವರು ಬೇಕು.

*

ಇಬ್ಬರಿಗೂ ಧನ್ಯವಾದಗಳು. ಸೋಮವಾರವೇ ಕಾನೂನು ಕಾಲೇಜಿಗೆ ಹೋಗುತ್ತೇನೆ, ಉಪನ್ಯಾಸ ಬೇಡ ಎಂದೇ ಹೇಳುತ್ತೇನೆ. ಸರ್, ಆ ಚೀಟಿಗಳ ಪಾಠಕ್ಕೆ ಒಂದು ಪಿರಿಯಡ್ ಸಾಕಾಯಿತೇ, ಎರಡು ಬೇಕಾಯಿತೇ?