ರೇಷ್ಮೆ ಮೊಟ್ಟೆ ಮ್ಯಾಕ್ರೋ: ಬಿಳಿ ಚುಕ್ಕೆ ಹೋಗ್ತಿಲ್ಲ, ಸ್ಟ್ಯಾಕ್ ಮಾಡಿದ್ರೆ ಅಂಚಲ್ಲಿ ಹಾಲೋ

ಹಿಪ್ಪುನೇರಳೆ (ಶಿಡ್ಲಘಟ್ಟ)

ನಮಸ್ಕಾರ. ಇಲ್ಲಿನ ಒಂದು ಚಾಕಿ ಕೇಂದ್ರದಲ್ಲಿ (ಎಳೇ ರೇಷ್ಮೆ ಹುಳ ಸಾಕೋ ಜಾಗ) ರೇಷ್ಮೆ ಮೊಟ್ಟೆ ಮತ್ತು ಆಗಷ್ಟೇ ಒಡೆದು ಬಂದ ಹುಳದ ಫೋಟೋ ತೆಗೀಬೇಕಿದೆ. ಮೊಟ್ಟೆ ಉದ್ದ 1.2 ಮಿ.ಮೀ. ಆಸುಪಾಸು, ಹುಳ 3 ಮಿ.ಮೀ.

ಸೆಟಪ್: ಸೋನಿ ಎ6400, ಲಾವಾ 65 ಮಿ.ಮೀ. 2:1 ಮ್ಯಾಕ್ರೋ ಲೆನ್ಸ್ (ಸೆನ್ಸರ್ ಮೇಲೆ ನಿಜದ ಎರಡು ಪಟ್ಟು ಬಿಂಬ), ಕ್ಯಾಮೆರಾ ಮೇಲೆ ಗೋಡಾಕ್ಸ್ ಟಿಟಿ350 ಫ್ಲ್ಯಾಶ್, ಅದಕ್ಕೆ ಬಿಳಿ ಪ್ಲಾಸ್ಟಿಕ್ ಕ್ಯಾಪ್. ಮೊಟ್ಟೆ ಹಾಳೆ ಮೇಜಿನ ಮೇಲೆ, ಕ್ಯಾಮೆರಾ ಟ್ರೈಪಾಡ್‌ನಲ್ಲಿ ಕೆಳಮುಖ. ಎಫ್/16, 1/160, ಐಎಸ್ಒ 400.

ತೊಂದರೆಗಳು: ಪ್ರತಿ ಮೊಟ್ಟೆ ಮೇಲೂ ಚುಚ್ಚೋ ಹಾಗೆ ಬಿಳಿ ಚುಕ್ಕೆ. ಹೈಲೈಟ್ಸ್ ಸ್ಲೈಡರ್ ಇಳಿಸಿದ್ರೆ ಅದು ಬೂದು ಕಲೆ ಆಗುತ್ತೆ. ಎಫ್/16 ಇಟ್ಟರೂ ಶಾರ್ಪ್ ಇಲ್ಲ. ಬೇರೆ ಬೇರೆ ಫೋಕಸಿನ 15 ಫ್ರೇಮ್ ಸೇರಿಸಿ ಒಂದೇ ಫೋಟೋ ಮಾಡಿದ್ರೆ (ಸ್ಟ್ಯಾಕ್) ಮೊಟ್ಟೆ ಸುತ್ತ ಬೆಳ್ಳಗೆ ಬಳೆ ಥರ ಹಾಲೋ. ಇನ್ನೊಂದು, ಎಲ್ಲ ಮೊಟ್ಟೆ ನಡುವೆಯೂ ಒಂದು ಕಪ್ಪು ವೃತ್ತ ಕಾಣ್ತಿದೆ. ಅದು ಒಳಗಿನ ಹುಳದ ತಲೆಯಾ?

ಬೆಳಕಿನ ಬುಡ್ಡಿ (ತುಮಕೂರು)

ಕೊನೆಯ ಪ್ರಶ್ನೆಯಿಂದಲೇ ಹಿಡಿಯೋಣ, ಮಿಕ್ಕಿದ್ದಕ್ಕೂ ಉತ್ತರ ಅಲ್ಲೇ ಇದೆ. ಎಲ್ಲ ಮೊಟ್ಟೆಗೂ ಸರಿಯಾಗಿ ನಡುವೆ, ಒಂದೇ ಅಳತೆಯಲ್ಲಿ ಕಪ್ಪು ವೃತ್ತ ಇದ್ದರೆ ಅದು ಹುಳದ ತಲೆ ಅಲ್ಲ, ನಿಮ್ಮ ಲೆನ್ಸಿನ ಬಿಂಬ. ಮೊಟ್ಟೆಯ ಚಿಪ್ಪು ಹೊಳಪಿನದು, ಉಬ್ಬು ಕನ್ನಡಿ ಇದ್ದ ಹಾಗೆ. ಎದುರಿಗಿರೋದೆಲ್ಲ ಅದರಲ್ಲಿ ಕಾಣುತ್ತೆ. ಪರೀಕ್ಷೆ ಸುಲಭ: ಹಾಳೆಯ ಒಂದು ಬದಿಗೆ ಬೆಂಕಿಪೊಟ್ಟಣ ಕೊಟ್ಟು 10–15 ಡಿಗ್ರಿ ಓರೆ ಮಾಡಿ. ಬಿಂಬ ಆದರೆ ವೃತ್ತ ಜರುಗುತ್ತೆ. ತಲೆಯ ಕಪ್ಪು ಆದರೆ ಮೊಟ್ಟೆಯ ಜೊತೆಗೇ ಇರುತ್ತೆ, ಅದೂ ನಡುವಲ್ಲಲ್ಲ, ಒಂದು ಅಂಚಿನ ಕಡೆಗೆ.

ಬಿಳಿ ಚುಕ್ಕೆಯೂ ಬಿಂಬವೇ, ಫ್ಲ್ಯಾಶ್ ತಲೆಯದ್ದು. ಅದನ್ನ ಎಡಿಟಿಂಗಲ್ಲಿ ಅಳಿಸೋ ಯೋಚನೆ ಬಿಡಿ. 255ಕ್ಕೆ, ಅಂದ್ರೆ ಪೂರ್ತಿ ಬಿಳಿಗೆ ಹೋದ ಜಾಗದಲ್ಲಿ ವಿವರವೇ ದಾಖಲಾಗಿಲ್ಲ, ಸ್ಲೈಡರ್ ಎಲ್ಲಿಂದ ತರಬೇಕು? ಹೊಳಪಿನ ವಸ್ತುವಿನಲ್ಲಿ ಬಿಂಬ ಇರಲೇಬೇಕು, ಇಲ್ಲದಿದ್ದರೆ ಅದು ಮೊಟ್ಟೆ ಅನ್ನಿಸಲ್ಲ, ಮೇಣದ ಉಂಡೆ ಅನ್ನಿಸುತ್ತೆ. ಬಿಂಬವನ್ನ ದೊಡ್ಡದು ಮಾಡಿ, ಮೆತ್ತಗೆ ಮಾಡಿ, ಅಷ್ಟೇ. ಆ ಪ್ಲಾಸ್ಟಿಕ್ ಕ್ಯಾಪಿಂದ ಏನೂ ಆಗಲ್ಲ. ಬೆಳಕಿನ ಅಗಲ ಹೆಚ್ಚೂಕಡಿಮೆ ಫ್ಲ್ಯಾಶ್ ತಲೆಯಷ್ಟೇ ಉಳಿಯುತ್ತೆ, ದೂರವೂ ಹಾಗೇ ಇರುತ್ತೆ. 1 ಮಿ.ಮೀ. ಮೊಟ್ಟೆಗೆ ಅದು ದೂರದ ಬೀದಿದೀಪ.

2:1ನಲ್ಲಿ ನಿಮ್ಮ ಲೆನ್ಸ್ ಮುಂದೆ ಉಳಿಯೋದು ನಾಲ್ಕೈದು ಸೆಂ.ಮೀ. ಆ ಜಾಗದಲ್ಲೇ ಕೆಲಸ ಆಗಬೇಕು. ಟ್ರೇಸಿಂಗ್ ಪೇಪರನ್ನ 4 ಸೆಂ.ಮೀ. ಎತ್ತರ, 8 ಸೆಂ.ಮೀ. ಅಗಲದ ಬಳೆ ಥರ ಸುತ್ತಿ ಮೊಟ್ಟೆ ಸುತ್ತ ನಿಲ್ಲಿಸಿ, ಲೆನ್ಸ್ ಮೇಲಿಂದ ನೋಡಲಿ. ಫ್ಲ್ಯಾಶನ್ನ ಕ್ಯಾಮೆರಾದಿಂದ ಇಳಿಸಿ, ಟ್ರಿಗರ್ ಹಾಕಿ, ಬಳೆಯ ಹೊರಗೆ ಒಂದು ಪಕ್ಕದಲ್ಲಿ ಅರ್ಧ ಅಡಿ ದೂರಕ್ಕಿಡಿ. ಫ್ಲ್ಯಾಶಿಗೂ ಬಳೆಗೂ ನಡುವೆ ಇನ್ನೊಂದು ಪದರ ಬೇಕು. ಮೊಬೈಲ್, ಟಿವಿ ಪ್ಯಾಕಿಂಗಲ್ಲಿ ಬರೋ ತೆಳು ಬಿಳಿ ಫೋಮ್ ಹಾಳೆ ಸಾಕು. ಎರಡು ಪದರಕ್ಕೂ ನಡುವೆ 5–6 ಸೆಂ.ಮೀ. ಸಂದು ಬಿಡಿ. ಒಂದಕ್ಕೊಂದು ಅಂಟಿಸಿದರೆ ಎರಡಿದ್ದೂ ಒಂದೇ: ನಡುವೆ ಹಾಟ್‌ಸ್ಪಾಟ್ (ಒಂದೇ ಕಡೆ ತೀರಾ ಪ್ರಖರ ಬೆಳಕು) ಉಳಿಯುತ್ತೆ, ಮೊಟ್ಟೆ ಮೇಲೆ ಮತ್ತೆ ಅದೇ ಚುಕ್ಕೆ.

ಈಗ ಎಲ್ಲರೂ ಮಾಡೋ ತಪ್ಪು. ಬಳೆ ಸುತ್ತ ಒಂದೇ ಸಮ ಬೆಳಕಾದರೆ ಚುಕ್ಕೆ ಹೋಗುತ್ತೆ, ಜೊತೆಗೆ ಆಕಾರವೂ ಹೋಗುತ್ತೆ. ಮೊಟ್ಟೆಯ ಮೇಲ್ಭಾಗದಲ್ಲಿ ಸಣ್ಣದೊಂದು ತಗ್ಗು ಇರುತ್ತಲ್ಲ, ಅದು ಕಾಣಬೇಕಂದ್ರೆ ಒಂದು ಪಕ್ಕ ನೆರಳು ಬೇಕು. ಫ್ಲ್ಯಾಶಿನ ಎದುರು ಬದಿಯಲ್ಲಿ ಬಳೆಯ ಮೂರನೇ ಒಂದು ಭಾಗಕ್ಕೆ ಒಳಗಿಂದ ಕಪ್ಪು ಕಾಗದ ಅಂಟಿಸಿ. ನೆರಳು ಜಾಸ್ತಿ ಆಯ್ತು ಅನ್ನಿಸಿದರೆ ಕಪ್ಪಿನ ಅಗಲ ಕಡಿಮೆ ಮಾಡಿ, ಫ್ಲ್ಯಾಶ್ ಮುಟ್ಟಬೇಡಿ.

ಮೊಟ್ಟೆ ಇಡೋ ಮೊದಲು ಅದೇ ಜಾಗದಲ್ಲಿ ಒಂದು ಸೈಕಲ್ ಬಾಲ್ಸ್ ಇಟ್ಟು ಫೋಟೋ ತೆಗೀರಿ. ಸ್ಟೀಲ್ ಗುಂಡಿನಲ್ಲಿ ನಿಮ್ಮ ಬೆಳಕಿನ ನಕ್ಷೆಯೇ ಕಾಣುತ್ತೆ: ನಡುವೆ ಲೆನ್ಸ್ ಕಪ್ಪಗೆ, ಸುತ್ತ ಕಾಗದ, ಒಂದು ಕಡೆ ಕಪ್ಪು ಪಟ್ಟಿ. ಬಿಳುಪು ನಿಧಾನಕ್ಕೆ ಬೂದಿಗೆ ಇಳಿದಿದ್ದರೆ ಸರಿ. ನಡುವೆ ಗೆರೆ ಕೊಯ್ದ ಹಾಗೆ ಅಂಚು ಕಂಡರೆ ಫೋಮ್ ಹಾಳೆ ಇನ್ನೊಂಚೂರು ಹಿಂದಕ್ಕೆ.

ಶಾರ್ಪ್ ಇಲ್ಲದ್ದಕ್ಕೆ ಕಾರಣ ಎಫ್/16. ಹತ್ತಿರ ಹೋದಷ್ಟೂ ನಿಜವಾದ ಅಪರ್ಚರ್ ಸಣ್ಣದಾಗುತ್ತೆ. ಲೆಕ್ಕ: ಎಫ್ ಸಂಖ್ಯೆ × (1 + ವರ್ಧನೆ). 2:1ನಲ್ಲಿ ಎಫ್/16 ಅಂದ್ರೆ 16 × 3 = ಎಫ್/48. ಡಿಫ್ರ್ಯಾಕ್ಷನ್ನಿಂದ (ಸಣ್ಣ ಕಂಡಿಯಲ್ಲಿ ಬೆಳಕು ಹರಡೋದು) ಎಲ್ಲ ಕಲಸಿಹೋಗುತ್ತೆ. ಎಫ್/4 ಅಥವಾ 5.6 ಇಡಿ (ನಿಜದಲ್ಲಿ 12, 17). ಆಗ ಡೆಪ್ತ್ (ಶಾರ್ಪಾಗಿ ಕಾಣೋ ಆಳ) ಸಿಗೋದು ಎಫ್/5.6ಗೆ ಸುಮಾರು 0.17 ಮಿ.ಮೀ. ಮಾತ್ರ, ಅದಕ್ಕೇ ಸ್ಟ್ಯಾಕ್. ಐಎಸ್ಒ 100, ಫ್ಲ್ಯಾಶ್ ಮ್ಯಾನುಯಲ್ 1/16ರಿಂದ ಶುರು ಮಾಡಿ. ಫ್ಲ್ಯಾಶ್ ಆರಿಸಿ ಒಂದು ಫ್ರೇಮ್ ತೆಗೆದಾಗ ಪೂರ್ತಿ ಕಪ್ಪು ಬರಬೇಕು. ಬರದಿದ್ದರೆ ಕೋಣೆಯ ದೀಪ ಫೋಟೋದೊಳಗೆ ಸೇರ್ತಿದೆ ಅಂತ ಅರ್ಥ.

ಚಂದ್ರಿಕೆ (ಚಿಂತಾಮಣಿ)

ಬೆಳಕಿನ ವಿಷಯ ಸರಿಯಾಗಿ ಹೇಳಿದ್ದಾರೆ. ಮೊಟ್ಟೆಯ ಕಡೆಯಿಂದ ಎರಡು ಮಾತು ಸೇರಿಸ್ತೀನಿ.

ತಲೆಯ ಕಪ್ಪು ಚುಕ್ಕೆ ಕಂಡ ಮೇಲೆ ಮೊಟ್ಟೆಯನ್ನ ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿ ಇಡ್ತಾರೆ. ಹಿಂದುಳಿದ ಮೊಟ್ಟೆಗಳೂ ಬಲಿತು, ಬೆಳಕಿಗೆ ತೆಗೆದ ಬೆಳಗ್ಗೆ ಎಲ್ಲ ಒಟ್ಟಿಗೆ ಒಡೀಲಿ ಅಂತ. ಆ ಹೊತ್ತಲ್ಲಿ ಫೋಕಸ್ ಮಾಡೋಕೆ ಎಲ್ಇಡಿ ಹಿಡಿದರೆ ಒಂದಷ್ಟು ಮೊದಲೇ ಒಡೆದು ಹುಳ ಏರುಪೇರಾಗುತ್ತೆ, ಆಮೇಲೆ ಚಾಕಿಯವರಿಗೆ ತಲೆನೋವು. ಆದ್ದರಿಂದ ಸುತ್ತೋಕೆ ಮುಂಚೆ ತೆಗೀರಿ, ಇಲ್ಲ ಬಿಚ್ಚಿದ ಬೆಳಗ್ಗೆ ತೆಗೀರಿ. ಪೂರ್ತಿ ಹಾಳೆ ಕೇಳಬೇಡಿ. ರೈತರ ಲೆಕ್ಕದಲ್ಲಿ "ಒಂದು ಮೊಟ್ಟೆ" ಅಂದ್ರೆ ಒಂದು ಚಿಟ್ಟೆ ಇಟ್ಟ ನಾನೂರು–ಐನೂರೂ ಸೇರಿ. ಅದರಲ್ಲಿ ಬೆರಳಗಲದ ತುಂಡು ನಿಮಗೆ ಧಾರಾಳ.

ಸೊಳ್ಳೆ ಕ್ರೀಮ್ ಹಚ್ಚಿಕೊಂಡು ಒಳಗೆ ಹೋಗಬೇಡಿ, ಕಾಯಿಲ್ ಹೊಗೆಯಲ್ಲಿದ್ದ ಬ್ಯಾಗ್ ತಗೊಂಡು ಹೋಗಬೇಡಿ. ಕೀಟನಾಶಕದ ಸೋಂಕು ಸ್ವಲ್ಪ ತಾಗಿದರೂ ಹುಳ ಸಾಯುತ್ತೆ. ಒಂದು ಹುಳದ ಮನೆಯಿಂದ ಇನ್ನೊಂದಕ್ಕೆ ಅದೇ ಟ್ರೈಪಾಡ್ ಒಯ್ಯೋದಾದರೆ ಕಾಲುಗಳನ್ನ ಒರೆಸಿ, ಗಂಟುರೋಗದ ಬೀಜಾಣು ಧೂಳಲ್ಲೇ ಹೋಗುತ್ತೆ.

ಮತ್ತೆ, ಮೊಟ್ಟೆ ಇಡೋ ಕೋಣೆಯಲ್ಲಿ ತೇವ 80ರ ಆಸುಪಾಸು ಇರುತ್ತೆ. ಹೊರಗಿನ ಒಣ ಗಾಳಿಗೆ ತಂದ ಕಾಗದ ಸುರುಳಿಯಾಗುತ್ತೆ. 15 ಫ್ರೇಮ್ ತೆಗೆಯುವಷ್ಟರಲ್ಲಿ ಮೊಟ್ಟೆ ಎದ್ದು ಬಂದಿರುತ್ತೆ. ನಿಮ್ಮ ಹಾಲೋದಲ್ಲಿ ಅರ್ಧ ಪಾಲು ಇದರದ್ದೂ ಇರಬಹುದು. ತುಂಡಿನ ನಾಲ್ಕೂ ಅಂಚನ್ನ ಎರಡು ಬದಿ ಅಂಟಿನ ಟೇಪಲ್ಲಿ ಟೈಲ್ಸ್ ಮೇಲೆ ಕೂರಿಸಿ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಹಾಳೆ ಓರೆ ಮಾಡಿದೆ, ವೃತ್ತ ಜರುಗಿತು! ಲೆನ್ಸೇ. ಎಫ್/5.6, ಎರಡು ಪದರ ಹಾಕಿದ ಮೇಲೆ ಚುಕ್ಕೆಯೂ ಮೆತ್ತಗಾಗಿದೆ. ಹಾಲೋ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಕ್ರಾಸ್ ಪೋಲರೈಸೇಷನ್ ಮಾಡಿದ್ರೆ ಹೇಗೆ?

ಅಂತರಗಂಗೆ (ಕೋಲಾರ)

ಮಾಡಬಹುದು. ಫ್ಲ್ಯಾಶಿಗೆ ಪೋಲರೈಸಿಂಗ್ ಫಿಲ್ಮ್, ಲೆನ್ಸಿಗೆ ಸಿಪಿಎಲ್ (ಪೋಲರೈಸಿಂಗ್ ಫಿಲ್ಟರ್), ತಿರುಗಿಸಿದರೆ ಹೊಳಪು ಮಾಯ. ಆದರೆ ಫಿಲ್ಮ್ ಇರಬೇಕಾದ್ದು ಡಿಫ್ಯೂಸರ್ (ಬೆಳಕು ಮೆತ್ತಗೆ ಮಾಡೋ ಆ ಪದರಗಳು) ದಾಟಿದ ಮೇಲೆ, ಮೊಟ್ಟೆಯ ಕಡೆಗೆ. ಹಿಂದೆ ಹಾಕಿದರೆ ಟ್ರೇಸಿಂಗ್ ಪೇಪರ್ ಪೋಲರೈಸೇಷನ್ನನ್ನೇ ಕೆಡಿಸುತ್ತೆ. ಬಣ್ಣದ ದಾಖಲೆಗಷ್ಟೇ ಬೇಕಾದರೆ ಸರಿ. ಚೆಂದದ ಫೋಟೋಗೆ ನಾನು ಬೇಡ ಅಂತೀನಿ, ಮೇಲೆ ಹೇಳಿದ ಮೇಣದುಂಡೆ ಇದರಲ್ಲೇ ಬರೋದು.

ಹಾಲೋ ವಿಷಯ: ಫೋಕಸ್ ತಪ್ಪಿದ ಫ್ರೇಮಲ್ಲಿ ಪ್ರತಿ ಬಿಳಿ ಜಾಗವೂ ಊದಿಕೊಂಡು ಅಂಚಿನಾಚೆ ಚೆಲ್ಲುತ್ತೆ. ಸಾಫ್ಟ್‌ವೇರ್ ಆ ಚೆಲ್ಲಿದ ಅಂಚನ್ನೇ ವಿವರ ಅಂದುಕೊಂಡು ಎತ್ತಿಕೊಳ್ಳುತ್ತೆ. ಅದಕ್ಕೆ ಎಕ್ಸ್‌ಪೋಷರನ್ನ ಮೂರನೇ ಎರಡು ಸ್ಟಾಪ್ ಇಳಿಸಿಯೇ ತೆಗೀರಿ, ಅತಿ ಬೆಳ್ಳನೆ ಜಾಗ 240 ದಾಟಬಾರದು. ಕ್ಯಾಮೆರಾವನ್ನ ಚೂರುಚೂರೇ ಜರುಗಿಸೋ ಫೋಕಸ್ ರೈಲಿನ ಹೆಜ್ಜೆ 0.1 ಮಿ.ಮೀ. ಇರಲಿ. ಮೊಟ್ಟೆಯ ನೆತ್ತಿಗಿಂತ ಒಂದು ಹೆಜ್ಜೆ ಮೇಲಿಂದ ಕಾಗದದವರೆಗೆ 8–10 ಫ್ರೇಮ್ ಸಾಕು. ರೈಲಿನ ತಿರುಪು ಒಂದೇ ದಿಕ್ಕಿಗೆ ತಿರುಗಿಸಿ. ಹಿಂದೆ ಮುಂದೆ ಮಾಡಿದರೆ ಸ್ಕ್ರೂ ಸಡಿಲದಲ್ಲಿ ಎರಡು ಹೆಜ್ಜೆ ಒಂದೇ ಕಡೆ ಬೀಳುತ್ತೆ, ಮುಂದಿನದು ಹಾರುತ್ತೆ. ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗೋಕೆ ಪ್ರತಿ ಫ್ರೇಮಿಗೂ ಮೂರು ಸೆಕೆಂಡ್ ಬಿಡಿ, ಆತುರಪಟ್ಟರೆ ಒಂದು ಫ್ರೇಮ್ ಮಂಕಾಗಿ ಸ್ಟ್ಯಾಕಲ್ಲಿ ಪಟ್ಟೆ ಬರುತ್ತೆ.

ರಾ ಫೈಲುಗಳಲ್ಲಿ ಒಂದನ್ನ ಸರಿ ಮಾಡಿ ಅದೇ ಸೆಟ್ಟಿಂಗನ್ನ ಎಲ್ಲಕ್ಕೂ ಹಾಕಿ, ಆಟೋ ಯಾವುದೂ ಬೇಡ. ಶಾರ್ಪನಿಂಗ್ ಸೊನ್ನೆ. ವೈಟ್ ಬ್ಯಾಲೆನ್ಸಿಗೆ ಮೊಟ್ಟೆ ಹಾಳೆಯ ಬಿಳುಪನ್ನ ಕ್ಲಿಕ್ ಮಾಡಬೇಡಿ. ಬಿಳಿ ಕಾಗದದಲ್ಲಿ ನೀಲಿ ಹೊಳಪಿನ ರಾಸಾಯನಿಕ ಇರುತ್ತೆ, ಅದನ್ನ ಸರಿದೂಗಿಸೋಕೆ ಹೋಗಿ ಮೊಟ್ಟೆಯ ಹಳದಿ ಕೇಸರಿಗೆ ತಿರುಗುತ್ತೆ. ಅದೇ ಬೆಳಕಲ್ಲಿ ಗ್ರೇ ಕಾರ್ಡಿನ ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ. 16 ಬಿಟ್ ಟಿಫ್ ಆಗಿ ಹೊರತೆಗೆದು ಸ್ಟ್ಯಾಕ್ ಮಾಡಿ.

ಸ್ಟ್ಯಾಕ್ ಸಾಫ್ಟ್‌ವೇರ್ ಝೆರೀನ್ ಇದ್ದರೆ ಮೊಟ್ಟೆಗೆ ಡಿಮ್ಯಾಪ್ ವಿಧಾನ, ಹೆಲಿಕಾನಲ್ಲಾದರೆ ಬಿ ವಿಧಾನ. ನುಣುಪು, ಬಣ್ಣ ಎರಡೂ ಉಳಿಯುತ್ತೆ. ಮೈತುಂಬ ಕೂದಲಿರೋ ಹುಳಕ್ಕೆ ಪಿಮ್ಯಾಕ್ಸ್ ಅಥವಾ ಸಿ, ಒಂದರ ಮೇಲೊಂದು ಹಾದ ಕೂದಲನ್ನ ಅದು ಬಿಡಿಸುತ್ತೆ, ಆದರೆ ನಾಯ್ಸ್ ಹೆಚ್ಚಿಸುತ್ತೆ. ಎರಡೂ ಮಾಡಿ, ಅಂಚನ್ನ ಮಾತ್ರ ಒಂದರಿಂದ ಇನ್ನೊಂದಕ್ಕೆ ಬ್ರಷ್ ಮಾಡಿದರೆ ನಿಮ್ಮ ಉಳಿದ ಹಾಲೋ ಹೋಗುತ್ತೆ. ದುಡ್ಡು ಕೊಡೋದು ಬೇಡ ಅಂದ್ರೆ ಹ್ಯೂಗಿನ್ ಅನ್ನೋ ಉಚಿತ ಸಾಫ್ಟ್‌ವೇರ್ ಜೊತೆ ಬರೋ ಎನ್‌ಫ್ಯೂಸ್ ಇದೆ: ಎಕ್ಸ್‌ಪೋಷರ್ ವೆಯ್ಟ್ 0, ಸ್ಯಾಚುರೇಷನ್ ವೆಯ್ಟ್ 0, ಕಾಂಟ್ರಾಸ್ಟ್ ವೆಯ್ಟ್ 1, ಹಾರ್ಡ್ ಮಾಸ್ಕ್. ಹಾರ್ಡ್ ಮಾಸ್ಕ್ ಮರೆತರೆ ಎಲ್ಲ ಫ್ರೇಮಿನ ಸರಾಸರಿ ಸೇರಿ ಮಬ್ಬಾಗುತ್ತೆ.

ಫಲಿತಾಂಶದಲ್ಲಿ ಸಾಲಾಗಿ ಸಣ್ಣ ಕಪ್ಪು ಗೆರೆ ಕಂಡರೆ ಅದು ಸೆನ್ಸರಿನ ಧೂಳು. ಫ್ರೇಮ್ ಹೊಂದಿಸುವಾಗ ಅದೊಂದೇ ಚುಕ್ಕೆ ಪ್ರತಿ ಸಲ ಚೂರು ಜರುಗಿ ಗೆರೆಯಾಗಿರುತ್ತೆ. ಸ್ಟ್ಯಾಕಿಗೆ ಮುಂಚೆಯೇ ಅಳಿಸಿ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಒಡೆದ ಹುಳ ಒಂದು ಸೆಕೆಂಡೂ ನಿಲ್ಲಲ್ಲ. ಅದನ್ನ ಸ್ಟ್ಯಾಕ್ ಮಾಡೋದು ಹೇಗೆ?

ಚಂದ್ರಿಕೆ (ಚಿಂತಾಮಣಿ)

ಮಾಡೋಕಾಗಲ್ಲ. ಮೊದಲ ದಿನ ಒಂದೇ ಫ್ರೇಮ್, ಹುಳದ ಪಕ್ಕದಿಂದ, ಅದರ ಉದ್ದ ಸೆನ್ಸರಿಗೆ ಸಮಾನಾಂತರವಾಗಿ. ಸ್ಟ್ಯಾಕ್ ಬೇಕಿದ್ದರೆ ಮೊದಲನೇ ಜ್ವರಕ್ಕೆ (ಹುಳ ಪೊರೆ ಕಳಚೋ ಹೊತ್ತು) ಹೋಗೋವರೆಗೆ ಕಾಯಿರಿ, ಮೂರು ದಿನದ ಮೇಲೆ ಬರುತ್ತೆ. ಮೇವು ಬಿಟ್ಟು, ತಲೆ ಎತ್ತಿ, ಹೆಚ್ಚೂಕಡಿಮೆ ಒಂದು ದಿನ ಅಲ್ಲಾಡದೆ ನಿಂತಿರುತ್ತೆ. ಹಳೇ ತಲೆಚಿಪ್ಪಿನ ಹಿಂದೆ ಹೊಸ ತಲೆ ತ್ರಿಕೋನವಾಗಿ ಕಾಣೋದೂ ಆಗಲೇ. ಹುಳ ಎತ್ತಿ ಬೇರೆ ಕಡೆ ಇಡಬೇಡಿ, ಕಾಲಿಗೆ ಹಿಡಿತ ತಪ್ಪಿದರೆ ಪೊರೆ ಕಳಚೋಕೆ ಕಷ್ಟ ಪಡುತ್ತೆ. ಅದು ಕೂತ ಎಲೆಯ ತುಂಡನ್ನೇ ಕತ್ತರಿಸಿಕೊಂಡು ಬಳೆಯೊಳಗೆ ಇಡಿ, ತೆಗೆದಾದ ಮೇಲೆ ಹಾಗೇ ತಟ್ಟೆಗೆ ವಾಪಸ್.