ಅಳತೆ ಕೊಟ್ಟು ಮಾಡಿಸುವ ಸ್ಟೀಲ್ ಕಟ್ಟೆ ಮತ್ತು ಸಿಂಕ್: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಅಡುಗೆಮನೆಗೆ ಸಿಂಕ್ ಸೇರಿದಂತೆ ಒಂದೇ ತುಂಡಿನ ಸ್ಟೇನ್‌ಲೆಸ್ ಸ್ಟೀಲ್ ಕಟ್ಟೆಯನ್ನು ಮಾಡಿಸಬೇಕೆಂದಿದ್ದೇವೆ. ಇಬ್ಬರು ಫ್ಯಾಬ್ರಿಕೇಟರ್‌ಗಳು ಕೊಟ್ಟ ದರಗಳ ನಡುವೆ ಬಹಳ ಅಂತರವಿದೆ. ಕಡಿಮೆ ದರ ಹೇಳಿದವರು ತಗಡಿಗೆ ಮ್ಯಾಗ್ನೆಟ್ ಇಟ್ಟು, ಅದು ಅಂಟದೆ ಬಿದ್ದದ್ದನ್ನು ತೋರಿಸಿ, ‘ನೋಡಿ, ಇದು 304, 18 ಗೇಜ್’ ಎಂದರು. ಇದನ್ನು ನಂಬಬಹುದೇ?

ಉತ್ತರ: ಆ ಪರೀಕ್ಷೆಯಿಂದ 430 ದರ್ಜೆಯ ತಗಡು ಸಿಕ್ಕಿಬೀಳುತ್ತದೆ, ಅದರಲ್ಲಿ ನಿಕ್ಕಲ್ ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ನಿಮಗೆ ಬೇಕಾದ 304ಕ್ಕೂ ಅದರ ಹೆಸರಿನಲ್ಲಿ ಮಾರಾಟವಾಗಬಲ್ಲ 202ಕ್ಕೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು, ಏಕೆಂದರೆ ಎರಡಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕ್ಕಲ್ ಇರುತ್ತವೆ. 202ರಲ್ಲಿ ನಿಕ್ಕಲ್ ಅಂಶ ಸುಮಾರು ಅರ್ಧಕ್ಕಿಳಿದು, ಆ ಜಾಗವನ್ನು ಮ್ಯಾಂಗನೀಸ್ ತುಂಬುತ್ತದೆ. ಹೊಸದರಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ, ಆದರೆ ಸದಾ ಒದ್ದೆಯಾಗಿರುವ ಸಿಂಕ್‌ಗೆ 202ನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಸಂಗತಿ: ಅಸಲಿ 304 ಆದರೂ ಮಡಿಸಿದ ಅಂಚಿನಲ್ಲಿ ಮ್ಯಾಗ್ನೆಟ್ಟನ್ನು ತುಸು ಎಳೆಯುತ್ತದೆ, ಅಷ್ಟಕ್ಕೇ ಮೋಸವೆಂದು ಜಗಳಕ್ಕೆ ಹೋಗಬೇಡಿ. ದರ್ಜೆಯ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ತಗಡು ತಯಾರಿಸಿದ ಕಾರ್ಖಾನೆ ಕೊಡುವ ಪ್ರಮಾಣಪತ್ರದ (ಮಿಲ್ ಸರ್ಟಿಫಿಕೇಟ್) ಪ್ರತಿಯನ್ನು ಕೇಳಿ.

ಇನ್ನು ಗೇಜ್ ವಿಷಯ. ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳುವಾಗುತ್ತದೆ; ಒಂದೇ ಸಂಖ್ಯೆಗೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ದಪ್ಪವೂ ಇರುವುದುಂಟು. ಆದ್ದರಿಂದ ಮಿಲಿಮೀಟರಿನಲ್ಲೇ ಮಾತನಾಡಿ. ಪ್ಲೈವುಡ್ ಆಸರೆಯಿರುವ ಮನೆಯ ಕಟ್ಟೆಗೆ 1.2 ಮಿ.ಮೀ. ಸಾಕು, ಭಾರದ ಪಾತ್ರೆಗಳನ್ನು ಎಳೆದಾಡುವ ಮನೆಯಾದರೆ 1.5 ಒಳ್ಳೆಯದು. ಅಂಚುಗಳನ್ನು ಮಡಿಸಿದ ಮೇಲೆ ದಪ್ಪವನ್ನು ಅಳೆಯುವುದು ಕಷ್ಟ. ಅದಕ್ಕೆ ಒಂದು ಉಪಾಯವಿದೆ: ನಲ್ಲಿಯ ತೂತು ಕೊರೆದಾಗ ಉದುರುವ ಬಿಲ್ಲೆಯನ್ನು ಎಸೆಯದೆ ನಿಮಗೆ ಕೊಡಲು ಹೇಳಿ. ಅದನ್ನು ದಪ್ಪ ಅಳೆಯುವ ವರ್ನಿಯರ್ ಸಾಧನದಲ್ಲಿ ಹಿಡಿದರೆ ಕಟ್ಟೆಯ ದಪ್ಪ ಗೊತ್ತಾಗುತ್ತದೆ.

ಪ್ರಶ್ನೆ: ಧನ್ಯವಾದಗಳು ಸರ್. ಟೈಲ್ಸ್ ಕೆಲಸ ಇನ್ನೂ ಮುಗಿದಿಲ್ಲ. ಸಮಯ ಉಳಿಸಲು ಮನೆಯ ನಕ್ಷೆಯಲ್ಲಿರುವ ಅಳತೆಯನ್ನೇ ಕೊಟ್ಟು ಈಗಲೇ ಆರ್ಡರ್ ಮಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಕಟ್ಟೆ ಕೂರುವುದು ನಕ್ಷೆಯ ಗೋಡೆಗಳ ನಡುವೆ ಅಲ್ಲ, ಗಾರೆ ಮತ್ತು ಟೈಲ್ಸ್ ಮುಗಿದ ಗೋಡೆಗಳ ನಡುವೆ. ಮರವಾದರೆ ಕೆರೆದು ಕೂರಿಸಬಹುದು. ಮಡಿಸಿ ಬೆಸೆದ ಸ್ಟೀಲನ್ನು ಎರಡು ಮಿಲಿಮೀಟರ್ ಕಿರಿದು ಮಾಡುವುದೂ ದೊಡ್ಡ ಕೆಲಸವೇ. ಗೋಡೆಯಿಂದ ಗೋಡೆಗೆ ಹಿಂದೆ, ನಡುವೆ, ಮುಂದೆ ಎಂದು ಮೂರು ಕಡೆ ಅಳೆದು ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. ಮೂಲೆ ನೇರವಾಗಿದೆಯೇ ಎಂದು ನೋಡಲು ಒಂದು ಗೋಡೆಯಲ್ಲಿ 60 ಸೆಂ.ಮೀ., ಇನ್ನೊಂದರಲ್ಲಿ 80 ಸೆಂ.ಮೀ. ಗುರುತು ಹಾಕಿ, ಎರಡು ಗುರುತುಗಳ ನಡುವೆ ಸರಿಯಾಗಿ 100 ಬರಬೇಕು. ಬರದಿದ್ದರೆ ಮುಚ್ಚಿಡದೆ ಫ್ಯಾಬ್ರಿಕೇಟರ್‌ಗೆ ತಿಳಿಸಿ, ಅವರು ರಟ್ಟಿನ ಅಚ್ಚು ಕತ್ತರಿಸಿಕೊಳ್ಳುತ್ತಾರೆ. ಗೋಡೆಯ ಕಡೆ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು ಸಿಲಿಕಾನ್ ತುಂಬುವುದು ಸರಿಯಾದ ಕ್ರಮ.

ಅಳತೆಗಿಂತಲೂ ಹೆಚ್ಚು ಮರೆತುಹೋಗುವುದು ದಾರಿ. ಬಹಳ ಹಿಂದೆ ನಾನೇ 2.7 ಮೀಟರ್ ಉದ್ದದ ಕಟ್ಟೆಯೊಂದನ್ನು ಜೋಡಣೆಯೇ ಕಾಣದಂತೆ ಬೆಸೆದು, ಕನ್ನಡಿಯಂತೆ ತಿಕ್ಕಿ ಕೊಂಡೊಯ್ದಿದ್ದೆ. ಅದು ಮೆಟ್ಟಿಲಿನ ತಿರುವಿನಲ್ಲಿ ಹೊರಳಲೇ ಇಲ್ಲ. ಕೊನೆಗೆ ಅಲ್ಲೇ ಕತ್ತರಿಸಿ, ಮೇಲೆ ಒಯ್ದು ಮತ್ತೆ ಬೆಸೆಯಬೇಕಾಯಿತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಆ ಗೆರೆ ಇಂದಿಗೂ ಕಾಣುತ್ತದೆ. ಸಾಮಾನ್ಯವಾಗಿ ಸಿಗುವ ತಗಡು 1220 ಮಿ.ಮೀ. ಅಗಲ, 2440 ಮಿ.ಮೀ. ಉದ್ದದ್ದು. ಅದಕ್ಕಿಂತ ಉದ್ದ ಬೇಕಾದರೆ ದೊಡ್ಡ ತಗಡನ್ನು ತರಿಸಬೇಕು, ಇಲ್ಲವೇ ಜೋಡಣೆಯನ್ನು ಒಪ್ಪಬೇಕು. ಜೋಡಣೆಯಿದ್ದರೆ ಅದು ಎಲ್ಲಿ ಬರುತ್ತದೆಂಬುದನ್ನು ನೀವೇ ಗುರುತಿಸಿಕೊಡಿ. ಮ್ಯಾಟ್ ಫಿನಿಶ್ ಆದರೆ ತಿಕ್ಕಿ ಮೂಡಿಸುವ ನವಿರಾದ ಗೀರುಗಳು ಯಾವ ದಿಕ್ಕಿಗಿರಬೇಕೆಂಬುದನ್ನೂ ಬಾಣದ ಗುರುತಿನಿಂದ ತೋರಿಸಿ; ಇಂಗ್ಲಿಷ್ ‘ಎಲ್’ ಆಕಾರದ ಕಟ್ಟೆಯ ಮೂಲೆಯಲ್ಲಿ ಇದು ಎದ್ದು ಕಾಣುತ್ತದೆ.

ಸಿಂಕ್‌ನ ಒಳಮೂಲೆಗಳು ಚೂಪಾಗಿದ್ದರೆ ನೋಡಲು ಚೆಂದ, ತೊಳೆಯುವವರಿಗೆ ಶಿಕ್ಷೆ. ಹತ್ತು ಹದಿನೈದು ಮಿಲಿಮೀಟರ್ ದುಂಡಗಿರಲಿ, ತಳ ಜಾಲರಿಯ ಕಡೆಗೆ ಇಳಿಜಾರಾಗಿರಲಿ. ಸಿಂಕ್‌ನ ಕೆಳಭಾಗಕ್ಕೆ ಹೊರಗಿನಿಂದ ರಬ್ಬರ್ ಹಾಳೆ ಅಂಟಿಸಲು ಹೇಳಿ. ಇಲ್ಲದಿದ್ದರೆ ನೀರು ಬಿದ್ದಾಗಲೆಲ್ಲ ಡೋಲು ಬಾರಿಸಿದಂತೆ ಸದ್ದಾಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದು 304 ಎಂಬುದು ಖಚಿತವಿದ್ದರೂ ಬಚ್ಚಲಿನ ಹೊಸ ಶೆಲ್ಫ್‌ನಲ್ಲಿ ಎರಡೇ ವಾರಕ್ಕೆ ಕಂದು ಚುಕ್ಕೆಗಳು ಎದ್ದಿವೆ. ತಗಡೇ ಕೆಟ್ಟದ್ದೇ?

ಉತ್ತರ: ಶೆಲ್ಫ್ ಹಾಕಿದ ಮೇಲೆ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಬಳಸಿದರೇ ಎಂಬುದನ್ನು ಮೊದಲು ವಿಚಾರಿಸಿ. ಆ ಹೈಡ್ರೋಕ್ಲೋರಿಕ್ ಆಸಿಡ್‌ನ ಹಬೆ ತಾಗಿದರೂ ಸಾಕು, ಸ್ಟೀಲನ್ನು ಕಾಯುವ ತೆಳು ಕ್ರೋಮಿಯಂ ಆಕ್ಸೈಡ್ ಪದರ ಒಡೆದು ಸಣ್ಣ ಗುಂಡಿಗಳು ಬೀಳುತ್ತವೆ. ಬ್ಲೀಚ್ ಹಾಕಿ ಒರೆಸದೆ ಬಿಟ್ಟರೂ ಇದೇ ಗತಿ. ಆಸಿಡ್ ಬಳಸಿಲ್ಲವೆಂದಾದರೆ ನನ್ನ ಅನುಮಾನ ವರ್ಕ್‌ಶಾಪ್ ಮೇಲೆ: ಸಾದಾ ಕಬ್ಬಿಣ ತಿಕ್ಕಿದ ಗ್ರೈಂಡರ್ ಚಕ್ರವನ್ನೇ ಸ್ಟೀಲಿಗೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿಕೊಂಡು ತುಕ್ಕು ಹಿಡಿಯುತ್ತವೆ. ಚುಕ್ಕೆಗಳು ಬೆಸುಗೆಯ ಪಕ್ಕದಲ್ಲಷ್ಟೇ ಇದ್ದರೆ, ಬೆಸೆದಾಗ ಮೂಡಿದ ನೀಲಿ ಕಂದು ಬಣ್ಣವನ್ನು ತೆಗೆಯದೆ ಬಿಟ್ಟಿದ್ದಾರೆ ಎಂದರ್ಥ. ಅದನ್ನು ಪಿಕ್ಲಿಂಗ್ ಪೇಸ್ಟ್ ಎಂಬ ಆಸಿಡ್ ಲೇಪದಿಂದ ಅವರೇ ತೆಗೆದುಕೊಡಬೇಕು. ಆ ಪೇಸ್ಟ್ ಅಪಾಯಕಾರಿ, ನೀವು ಕೈ ಹಾಕಬೇಡಿ. ಮೇಲ್ಮೈ ಚುಕ್ಕೆಗಳಾದರೆ ಆಕ್ಸಾಲಿಕ್ ಆಸಿಡ್ ಇರುವ ಸ್ಟೀಲ್ ಕ್ಲೀನರ್‌ನಿಂದ ಗೀರುಗಳ ದಿಕ್ಕಿನಲ್ಲೇ ಒರೆಸಿ ತೊಳೆದರೆ ಹೋಗುತ್ತವೆ. ಕಬ್ಬಿಣದ ನಾರಿನಿಂದ ಮಾತ್ರ ಉಜ್ಜಬೇಡಿ. ಸಮುದ್ರದ ಗಾಳಿ ತಾಗುವ ಮನೆಯಾದರೆ ಮುಂದಿನ ಸಲ ಮಾಲಿಬ್ಡಿನಮ್ ಸೇರಿದ 316 ಮಾಡಿಸಿ.

ಮೊದಲ ಸದಸ್ಯರು: ಕೊನೆಯದಾಗಿ ಒಂದು ಸರ್. ತಗಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಗೃಹಪ್ರವೇಶದವರೆಗೂ ಹಾಗೆಯೇ ಬಿಡಬಹುದೇ?

ಉತ್ತರ: ಬಣ್ಣ, ಸಿಮೆಂಟ್ ಕೆಲಸ ಮುಗಿಯುವವರೆಗೆ ಇರಲಿ, ಆಮೇಲೆ ಕೂಡಲೇ ಕಿತ್ತುಬಿಡಿ. ಬಿಸಿಲಿಗೆ ಬೆಂದು ತಿಂಗಳುಗಟ್ಟಲೆ ಕೂತರೆ ಅದರ ಅಂಟು ಸ್ಟೀಲಿಗೆ ಹತ್ತಿ ಜಗ್ಗಿದರೂ ಬರುವುದಿಲ್ಲ. ಸಿಂಕ್ ಅಂಚಿನಲ್ಲಿ ಸಿಲಿಕಾನ್ ತುಂಬುವ ಮೊದಲು ಅಲ್ಲಿಯ ಹಾಳೆಯನ್ನು ಮಾತ್ರ ನೆನಪಿಟ್ಟು ಸುಲಿಯಿರಿ, ಇಲ್ಲವಾದರೆ ಸಿಲಿಕಾನ್ ಹಿಡಿಯುವುದು ಹಾಳೆಗೆ, ಸ್ಟೀಲಿಗಲ್ಲ.