ಪದಚರ್ಚೆ: ‘ವೆಂಟಿಲೇಟರ್ ತೆಗೆಯುತ್ತೇವೆ’ ಎಂದರೆ ಏನರ್ಥ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಐಸಿಯು ಹೊರಗೆ ಕಾಯುವ ಮನೆಯವರ ಕೈಗೆ ಕೊಡುವ ಎರಡು ಪುಟದ ಮಾಹಿತಿ ಹಾಳೆ ಕನ್ನಡಕ್ಕೆ ಆಗಬೇಕಿದೆ. ಇಂಗ್ಲಿಷ್ ಮೂಲದಲ್ಲಿ ವೀನಿಂಗ್ (ರೋಗಿ ತಾನೇ ಉಸಿರಾಡುವಂತೆ ಉಸಿರಾಟದ ಯಂತ್ರದ ಸಹಾಯ ಕಳೆಯುವುದು), ಎಕ್ಸ್‌ಟ್ಯುಬೇಶನ್ (ಗಂಟಲಿನ ಪೈಪು ಹೊರಗೆಳೆಯುವುದು), ವಿತ್‌ಡ್ರಾಯಲ್ (ಗುಣವಾಗುವ ಆಸೆ ಇಲ್ಲದಾಗ ಯಂತ್ರ ನಿಲ್ಲಿಸುವುದು) ಎಂದು ಮೂರು ಮಾತುಗಳಿವೆ. ಕನ್ನಡದ ಕರಡಿನಲ್ಲಿ ಮೂರೂ ಕಡೆ ‘ವೆಂಟಿಲೇಟರ್ ತೆಗೆಯುವುದು’ ಎಂದೇ ಬಂದಿದೆ. ಬೆಂಗಳೂರಿನ ಆಸ್ಪತ್ರೆಗಳ ಆಡುಮಾತೂ ಅದೇ: ‘ನಾಳೆ ವೆಂಟಿಲೇಟರ್ ತೆಗೀತಾರಂತೆ.’ ಇದನ್ನು ಕೇಳಿ ಒಂದು ಮನೆಯವರು ದೇವರಿಗೆ ಕೈ ಮುಗಿಯುತ್ತಾರೆ; ಇನ್ನೊಂದು ಮನೆಯವರು ಊರಿಗೆ ಫೋನ್ ಮಾಡಿ ‘ಇರೋರೆಲ್ಲ ಹೊರಟು ಬನ್ನಿ’ ಅನ್ನುತ್ತಾರೆ. ವೀನಿಂಗ್‌ಗೆ ‘ಕ್ರಮೇಣ ವಿಮುಕ್ತಿ’ ಎಂಬ ಸಲಹೆ ಬಂದಿದೆ, ಮನಸ್ಸು ಒಪ್ಪುತ್ತಿಲ್ಲ. ಮಂಡ್ಯದಿಂದಲೋ ಪಾವಗಡದಿಂದಲೋ ಬಂದು ಬೆಂಚಿನ ಮೇಲೆ ಕೂತವರಿಗೆ ಓದಿದೊಡನೆ ತಿಳಿಯುವ ಮೂರು ಮಾತು ಬೇಕು. ವೆಂಟಿಲೇಟರ್ ಎಂಬುದನ್ನು ಹಾಗೇ ಇಟ್ಟುಕೊಳ್ಳುತ್ತೇವೆ.

ಐಸಿಯು ವೈದ್ಯರ ಉತ್ತರ

ಪದಕ್ಕೆ ಹೋಗುವ ಮೊದಲು ಅಲ್ಲಿ ನಡೆಯುವ ಕೆಲಸವನ್ನು ಬಿಡಿಸಿ ಹೇಳುತ್ತೇನೆ. ಮೂರೂ ಬೇರೆ ಬೇರೆ ಕಾರಣಕ್ಕೆ ನಡೆಯುವಂಥವು. ಒಂದೇ ಕ್ರಿಯಾಪದ ಹಾಕಿದ್ದು ದೊಡ್ಡ ತಪ್ಪು.

ವೀನಿಂಗ್ ಶುರುವಾಗುವುದು ಬೆಳಿಗ್ಗೆ, ನಿದ್ರೆಯ ಔಷಧಿ ನಿಲ್ಲಿಸುವುದರಿಂದ. ಪ್ರೊಪೊಫಾಲ್ ಆಗಲಿ ಮಿಡಜೋಲಮ್ ಆಗಲಿ, ಆ ಔಷಧಿಯ ಪಂಪ್ ನಿಲ್ಲಿಸಿ ಕಾಯುತ್ತಾರೆ. ರೋಗಿ ಕಣ್ಣು ಬಿಟ್ಟು, ಹೇಳಿದಾಗ ಕೈ ಹಿಸುಕಬೇಕು. ಯಂತ್ರದಿಂದ ಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ. 40ಕ್ಕೆ ಇಳಿದಿರಬೇಕು, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ 5ರಿಂದ 8 ಸೆಂ.ಮೀ. ನೀರಿನಷ್ಟಕ್ಕೆ ಬಂದಿರಬೇಕು, ಬಿಪಿ ಎತ್ತಿ ಹಿಡಿಯುವ ಔಷಧಿ ಇಲ್ಲದಿರಬೇಕು ಅಥವಾ ತೀರ ಕಡಿಮೆ ಇರಬೇಕು. ಇಷ್ಟಾದರೆ ಯಂತ್ರದ ಸಹಾಯವನ್ನು ಬಹುಪಾಲು ಕಳೆದು, 30 ನಿಮಿಷದಿಂದ 2 ಗಂಟೆಯವರೆಗೆ ರೋಗಿ ತಾನೇ ಉಸಿರಾಡುವುದನ್ನು ನೋಡುತ್ತಾರೆ. ಗಂಟಲಿನ ಪೈಪು ಆಗಲೂ ಒಳಗೇ ಇರುತ್ತದೆ. ಇದನ್ನು ಹಾಳೆಯಲ್ಲಿ ಖಂಡಿತ ಹೇಳಬೇಕು.

ಉಸಿರು ನಿಮಿಷಕ್ಕೆ 35 ದಾಟಿದರೆ, ರಕ್ತದ ಆಮ್ಲಜನಕದ ಮಟ್ಟ ಶೇ. 90ರ ಕೆಳಗಿಳಿದರೆ, ನಾಡಿ 140 ಮೀರಿದರೆ, ಮೈ ಬೆವರಿ ಕತ್ತಿನ ಸ್ನಾಯುಗಳು ಹುರಿಗಟ್ಟಿ ಎಳೆಯತೊಡಗಿದರೆ ಪ್ರಯತ್ನ ಅಲ್ಲಿಗೇ ನಿಲ್ಲಬೇಕು. 1991ರಿಂದ ಬಳಕೆಯಲ್ಲಿರುವ ಸರಳ ಲೆಕ್ಕವೂ ಒಂದಿದೆ: ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನು ಒಂದು ಉಸಿರಿನಲ್ಲಿ ಎಷ್ಟು ಲೀಟರ್ ಗಾಳಿ ಎಂಬುದರಿಂದ ಭಾಗಿಸುವುದು. 24 ಉಸಿರು, ಪ್ರತಿ ಉಸಿರಿಗೆ 0.4 ಲೀಟರ್ ಎಂದರೆ 60 ಬರುತ್ತದೆ, ಭರವಸೆ ಇದೆ. 32 ಉಸಿರು, ಬರೀ 0.2 ಲೀಟರ್ ಎಂದರೆ 160. ಅದು ಉಸಿರಾಟವಲ್ಲ, ಏದುಸಿರು. 105 ದಾಟಿದವರಲ್ಲಿ ಹೆಚ್ಚಿನವರು ಸೋಲುತ್ತಾರೆ.

ಸೋಲುವುದೇಕೆ? ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಸೊರಗಿರುತ್ತದೆ. ಪೂರ್ತಿ ಕೆಲಸವನ್ನು ಯಂತ್ರವೇ ಮಾಡಿದರೆ 18ರಿಂದ 69 ಗಂಟೆಯೊಳಗೆ ಅದರ ಎಳೆಗಳು ಅರ್ಧಕ್ಕಿಂತ ಹೆಚ್ಚು ಸಣ್ಣಗಾಗುವುದನ್ನು 2008ರಲ್ಲಿ ತೋರಿಸಿದ್ದಾರೆ. ಹೃದಯ ದುರ್ಬಲವಾಗಿದ್ದರೆ ಇನ್ನೊಂದು ತೊಂದರೆ: ಯಂತ್ರದ ಒತ್ತಡ ಕಳೆದೊಡನೆ ಎದೆಗೆ ಮರಳುವ ರಕ್ತ ಹೆಚ್ಚುತ್ತದೆ, ಹೃದಯ ಅದನ್ನು ತಳ್ಳಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೈಯಲ್ಲಿ ಹೆಚ್ಚಿದ ನೀರು, ಕಫ, ರಕ್ತದಲ್ಲಿ ಕಡಿಮೆಯಾದ ಫಾಸ್ಫೇಟ್ ಲವಣ, ಇನ್ನೂ ಇಳಿಯದ ನಿದ್ರೆಯ ಔಷಧಿ ಎಲ್ಲವೂ ಕಾರಣವಾಗಬಹುದು. ಸೋತರೆ ಯಂತ್ರಕ್ಕೆ ಮರಳಿಸಿ, ದಣಿವಾರಿಸಿ, ಕಾರಣ ಹುಡುಕಿ, ಮಾರನೆಯ ದಿನ ಮತ್ತೆ ನೋಡುವುದು.

‘ಕ್ರಮೇಣ’ ಎಂಬ ಮಾತು ಬೇಡ. ಯಂತ್ರದ ಉಸಿರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಹಳೆಯ ಪದ್ಧತಿ. ದಿನಕ್ಕೊಮ್ಮೆ ನೇರವಾಗಿ ಉಸಿರಾಡಿಸಿ ನೋಡಿದರೆ ಅದಕ್ಕಿಂತ ಸುಮಾರು ಮೂರು ಪಟ್ಟು ಬೇಗ ಯಂತ್ರ ಬಿಡಿಸಬಹುದು ಎಂದು 1995ರ ಸ್ಪೇನಿನ ಅಧ್ಯಯನ ತೋರಿಸಿತು. ಈಗ ವೀನಿಂಗ್ ಎನ್ನುವ ಬದಲು ‘ಲಿಬರೇಶನ್’ (ಬಿಡುಗಡೆ) ಎನ್ನುವವರೂ ಇದ್ದಾರೆ. ಆದ್ದರಿಂದ ಬರೀ ‘ವಿಮುಕ್ತಿ’ ಆಗಬಹುದೇನೋ.

ಎಕ್ಸ್‌ಟ್ಯುಬೇಶನ್ ಪೈಪನ್ನು ಹೊರಗೆಳೆಯುವ ಕೆಲಸ. ಉಸಿರಾಡಬಲ್ಲವರೆಲ್ಲ ಪೈಪಿಲ್ಲದೆ ಇರಬಲ್ಲರು ಎಂದಲ್ಲ. ಕೆಮ್ಮಿ ಕಫ ಹೊರಹಾಕುವ ಶಕ್ತಿ ಇರಬೇಕು, ಗಂಟಲು ಊದಿರಬಾರದು. ಊತದ ಅನುಮಾನವಿದ್ದರೆ ಪೈಪಿನ ತುದಿಯ ಬಲೂನಿನ ಗಾಳಿ ತೆಗೆದು, ಪಕ್ಕದಿಂದ ಎಷ್ಟು ಗಾಳಿ ಸೋರುತ್ತದೆ ಎಂದು ಅಳೆಯುತ್ತಾರೆ. 110 ಮಿ.ಲೀ.ಗಿಂತ ಕಡಿಮೆಯಾದರೆ ಪೈಪು ಹೊರಬಂದ ಮೇಲೆ ಗಂಟಲು ಊದಿ ಉಸಿರು ಕಟ್ಟುವ ಅಪಾಯವಿದೆ. ಆಗ ಕನಿಷ್ಠ 4 ಗಂಟೆ ಮೊದಲು ಸ್ಟೆರಾಯ್ಡ್ ಕೊಟ್ಟು ಆಮೇಲೆ ತೆಗೆಯುತ್ತಾರೆ. ರೋಗಿಯನ್ನು ಎತ್ತಿ ಕೂರಿಸಿ, ಬಾಯಿಯಲ್ಲೂ ಬಲೂನಿನ ಮೇಲ್ಭಾಗದಲ್ಲೂ ನಿಂತ ಕಫ, ಜೊಲ್ಲನ್ನು ಸಕ್ಷನ್‌ನಿಂದ ಹೀರಿ ತೆಗೆದು, ಬಲೂನು ಇಳಿಸಿ, ಕೆಮ್ಮಲು ಹೇಳಿ ಎಳೆಯುವುದು ಕ್ರಮ. ಇಷ್ಟು ಜಾಗ್ರತೆ ಮಾಡಿದರೂ ಹತ್ತರಲ್ಲಿ ಒಬ್ಬಿಬ್ಬರಿಗೆ ಎರಡು ಮೂರು ದಿನದೊಳಗೆ ಮತ್ತೆ ಪೈಪು ಹಾಕಬೇಕಾಗುತ್ತದೆ. ಅದನ್ನು ಮೊದಲೇ ಬರೆದಿದ್ದರೆ ‘ಅವಸರ ಮಾಡಿ ತೆಗೆದರು’ ಎಂಬ ಸಂಕಟ ಮನೆಯವರಿಗೆ ಇರುವುದಿಲ್ಲ.

ಮೂರನೆಯದು ವಿತ್‌ಡ್ರಾಯಲ್, ಗುಣವಾಗುವ ಆಸೆ ಇಲ್ಲವೆಂದು ತಿಳಿದ ಮೇಲೆ ಯಂತ್ರದ ಆಸರೆ ನಿಲ್ಲಿಸುವುದು. ಒಬ್ಬ ವೈದ್ಯರು ಸಂಜೆ ಬಂದು ತೀರ್ಮಾನಿಸುವ ವಿಷಯ ಅಲ್ಲವೇ ಅಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟು 2023ರ ಜನವರಿಯಲ್ಲಿ ಸರಳಗೊಳಿಸಿದ ನಿಯಮದಂತೆ, ಚಿಕಿತ್ಸೆ ಕೊಡುತ್ತಿರುವವರೂ ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರೂ ಸೇರಿದ ಮಂಡಳಿ ನೋಡಬೇಕು. ಹೊರಗಿನಿಂದ ಸೂಚಿಸಲಾದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಭಾಷೆಯ ಕಡೆಯಿಂದ

‘ವಿಮುಕ್ತಿ’ ದಯವಿಟ್ಟು ಬೇಡ. ‘ಪಾಪ, ಮುಕ್ತಿ ಸಿಕ್ತು’ ಎಂದು ನಮ್ಮ ಜನ ಹೇಳುವುದು ಯಾವಾಗ ಎಂದು ನೆನೆದರೆ ಸಾಕು. ವೈದ್ಯರು ಬಿಡುಗಡೆಯ ಅರ್ಥದಲ್ಲಿ ಹೇಳಿದರೂ ಐಸಿಯು ಬಾಗಿಲಲ್ಲಿ ಕೂತವರ ಕಿವಿಗೆ ಬೀಳುವುದು ಸಾವು.

ಬೇಕಾದ ಪದ ವೈದ್ಯರ ಬರಹದಲ್ಲೇ ಇದೆ: ‘ಯಂತ್ರ ಬಿಡಿಸಬಹುದು’ ಎಂದಿದ್ದಾರೆ. ವೀನಿಂಗ್ ಎಂಬುದು ಮೂಲದಲ್ಲಿ ಮಗುವಿಗೆ ಮೊಲೆಹಾಲು ತಪ್ಪಿಸುವ ಮಾತು. ಅದಕ್ಕೆ ಕನ್ನಡದಲ್ಲಿ ‘ಹಾಲು ಬಿಡಿಸುವುದು’ ಎಂದು ಎಲ್ಲ ಮನೆಗಳಲ್ಲೂ ಹೇಳುತ್ತಾರೆ. ಹಾಲು ಬಿಡಿಸುವುದು ಮಗು ಅನ್ನ ತಿನ್ನುವಷ್ಟು ಬಲಿತ ಮೇಲೆ. ಬಿಡಿಸಿದಾಗ ಅಳುತ್ತದೆ, ಕೆಲವೊಮ್ಮೆ ಮತ್ತೆ ಕೊಡಬೇಕಾಗುತ್ತದೆ, ಆದರೆ ದಿಕ್ಕು ಬೆಳವಣಿಗೆಯ ಕಡೆಗೆ. ವೈದ್ಯರು ವಿವರಿಸಿದ ಕೆಲಸವೂ ಹಾಗೆಯೇ ಇದೆಯಲ್ಲ! ಕುಡಿತ ಬಿಡಿಸು, ಚಟ ಬಿಡಿಸು ಎಂಬಲ್ಲೂ ಆಸರೆ ತಪ್ಪಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುವ ಅರ್ಥವೇ.

ಎರಡು ಎಚ್ಚರಿಕೆ ಹೇಳಬೇಕು. ‘ಬಿಡಿಸು’ ಎಂಬ ರೂಪದಲ್ಲೇ ಇರಲಿ, ‘ಬಿಡು’ ಎಂದಾಗಬಾರದು. ‘ಡಾಕ್ಟ್ರು ಕೈ ಬಿಟ್ಟರು’, ‘ಪ್ರಾಣ ಬಿಟ್ಟರು’ ಎಂಬವು ಪಕ್ಕದಲ್ಲೇ ಕಾದಿವೆ. ‘ವೆಂಟಿಲೇಟರ್ ಬಿಟ್ಟಿದ್ದಾರೆ’ ಎಂದು ಬರೆದರೆ ಮತ್ತೆ ಹಳೆಯ ಗೊಂದಲಕ್ಕೇ ಬಂದೆವು. ಹಾಗೆಯೇ ‘ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸು’ ಎಂದರೆ ಸೆರೆಯಿಂದ ಬಿಡಿಸಿದ ಹಾಗೆ ಕೇಳುತ್ತದೆ. ‘ಮಗುವಿಗೆ ಹಾಲು ಬಿಡಿಸು’ ಎಂಬಂತೆ ‘ತಂದೆಯವರಿಗೆ ವೆಂಟಿಲೇಟರ್ ಬಿಡಿಸುತ್ತಿದ್ದೇವೆ’ ಎನ್ನುವುದು ಸಹಜ.

ಎಕ್ಸ್‌ಟ್ಯುಬೇಶನ್‌ಗೆ ‘ತೆಗೆ’ ಉಳಿಯಲಿ, ಆದರೆ ವೆಂಟಿಲೇಟರ್ ಪದ ಜೊತೆಗೆ ಬೇಡ. ಹೊಲಿಗೆ ತೆಗೆದಂತೆ ‘ಗಂಟಲಿನ ಪೈಪು ತೆಗೆಯುವುದು’. ಬರೀ ‘ಪೈಪು’ ಸಾಲದು. ಮೂಗಿನಲ್ಲಿ ಊಟದ್ದೊಂದು, ಮೂತ್ರದ್ದೊಂದು ಇದ್ದೇ ಇರುತ್ತದೆ.

ಮೂರನೆಯದಕ್ಕೆ ಪತ್ರಿಕೆಗಳು ‘ದಯಾಮರಣ’ ಎಂದು ತಲೆಬರಹ ಕೊಡುತ್ತವೆ. ಸಾಯಲು ಇಂಜೆಕ್ಷನ್ ಕೊಟ್ಟರು ಎಂಬ ಚಿತ್ರ ಅದರಿಂದ ಮೂಡುತ್ತದೆ, ಹಾಳೆಯಲ್ಲಿ ಅದು ಬರಲೇಬಾರದು. ‘ಯಂತ್ರದ ಆಸರೆ ನಿಲ್ಲಿಸುವುದು’ ಎಂದು ವೈದ್ಯರು ಬರೆದದ್ದೇ ಸರಿ. ‘ಚಿಕಿತ್ಸೆ ನಿಲ್ಲಿಸುವುದು’ ಎಂದರೆ ಸುಳ್ಳಾಗುತ್ತದೆಯೇ ಎಂದು ಕೇಳಬೇಕು.

ವೈದ್ಯರು ಮತ್ತೆ

ಖಂಡಿತ ಸುಳ್ಳಾಗುತ್ತದೆ. ಆಸರೆ ನಿಲ್ಲಿಸುವ ಮೊದಲೇ ನೋವಿಗೂ ಉಸಿರಿನ ಸಂಕಟಕ್ಕೂ ಮಾರ್ಫಿನ್ ಶುರುಮಾಡಿ ಕೊನೆಯವರೆಗೂ ಮುಂದುವರಿಸುತ್ತೇವೆ. ಆದ್ದರಿಂದ ಪೂರ್ತಿ ವಾಕ್ಯ ಹೀಗಿರಲಿ: ‘ಯಂತ್ರದ ಆಸರೆ ನಿಲ್ಲಿಸಿ, ನೋವು ಮತ್ತು ಸಂಕಟ ಆಗದಂತೆ ನೋಡಿಕೊಳ್ಳುವ ಚಿಕಿತ್ಸೆ ಮುಂದುವರಿಸುತ್ತೇವೆ.’

ನೀವು ಕೇಳದ ನಾಲ್ಕನೆಯ ‘ತೆಗೆ’ ಒಂದಿದೆ. ಬ್ರೈನ್ ಡೆತ್ ಪರೀಕ್ಷೆಯಲ್ಲಿ ಆಮ್ಲಜನಕ ಹರಿಸುತ್ತಲೇ ಯಂತ್ರವನ್ನು ಕೆಲವು ನಿಮಿಷ ಕಳಚಿ, ರಕ್ತದ ಇಂಗಾಲದ ಡೈಆಕ್ಸೈಡ್ 60 ಮಿ.ಮೀ. ಪಾದರಸಕ್ಕೆ ಏರಿದರೂ ಎದೆ ಏಳುತ್ತದೆಯೇ ಎಂದು ನೋಡುತ್ತಾರೆ. ನಾಲ್ವರು ವೈದ್ಯರ ತಂಡ, 6 ಗಂಟೆ ಅಂತರದಲ್ಲಿ ಎರಡು ಬಾರಿ. ಅದನ್ನೂ ಮನೆಯವರು ‘ತೆಗೆದುಬಿಟ್ಟರು’ ಎಂದು ತಿಳಿಯುತ್ತಾರೆ. ಇದಕ್ಕೆ ‘ಕಳಚಿ ನೋಡುವುದು’ ಎನ್ನಿ. ಪತ್ರಿಕೆಗಳ ‘ಮಿದುಳು ನಿಷ್ಕ್ರಿಯ’ ಎಂಬುದೂ ಬೇಡ. ನಿಷ್ಕ್ರಿಯವಾದದ್ದು ಸಕ್ರಿಯವಾಗಬಹುದು ಎಂದು ಕಾಯುವವರು ಆಸೆಪಡುತ್ತಾರೆ, ಆಸೆಪಡುವುದು ಅವರ ತಪ್ಪಲ್ಲ. ‘ಮಿದುಳು ಸತ್ತಿದೆ’ ಎಂದೇ ಬರೆಯಬೇಕು, ಕಠಿಣ ಎನ್ನಿಸಿದರೂ.

‘ವೆಂಟಿಲೇಟರ್ ಬಿಡಿಸುವುದು’ ಒಪ್ಪಿಗೆ. ಆದರೆ ಹಾಳೆಯಲ್ಲಿ ‘ನಾಳೆ ಬಿಡಿಸುತ್ತೇವೆ’ ಎಂದು ಬರೆಯಬೇಡಿ, ಅದು ಮಾತು ಕೊಟ್ಟ ಹಾಗಾಗುತ್ತದೆ. ಮೊದಲ ದಿನ ಸೋಲುವವರು ಕಡಿಮೆಯೇನಲ್ಲ. ‘ನಾಳೆ ಬೆಳಿಗ್ಗೆ ಬಿಡಿಸಿ ನೋಡುತ್ತೇವೆ’ ಎನ್ನಿ. ಆ ‘ನೋಡುತ್ತೇವೆ’ ಎಂಬಷ್ಟರಲ್ಲೇ ಮಾಡಿ ನೋಡುವ ಪ್ರಯತ್ನ, ಆಗದಿದ್ದರೆ ಮತ್ತೆ ಹಾಕುವ ಸಾಧ್ಯತೆ ಎರಡೂ ಬಂದುಬಿಡುತ್ತವೆ.